ಬ್ಲ್ಯಾಡರ್‌ವರ್ಟ್‌ಗೆ ಎಂಥ ಕುಂಡ? ತಳದಲ್ಲಿ ತೂತು ಇರಬೇಕೋ, ಬೇಡವೋ?

ಹನಿನೀರು

ಎಲ್ಲರಿಗೂ ನಮಸ್ಕಾರ. ಡ್ರೊಸೆರಾ, ವೀನಸ್ ಫ್ಲೈಟ್ರ್ಯಾಪ್‌ನಂಥ ಕೀಟಾಹಾರಿ ಗಿಡ ಬೆಳೆಸಿ ರೂಢಿಯಿದೆ, ಪುಟ್ಟ ಗುಳ್ಳೆಗಳಲ್ಲಿ ಬೇಟೆ ಹಿಡಿಯುವ ಬ್ಲ್ಯಾಡರ್‌ವರ್ಟ್ (ಯುಟ್ರಿಕ್ಯುಲೇರಿಯಾ) ಮಾತ್ರ ಇದೇ ಮೊದಲು. ಗೆಳೆಯರೊಬ್ಬರು ತಮ್ಮ ಸಂಗ್ರಹದಿಂದ ಯುಟ್ರಿಕ್ಯುಲೇರಿಯಾ ಸ್ಯಾಂಡರ್ಸೋನಿಯೈ, ಲಿವಿಡಾ, ಲಾಂಗಿಫೋಲಿಯಾ, ಆಲ್ಪಿನಾ, ಜೊತೆಗೆ ನೀರಿನಲ್ಲಿ ಬೆಳೆಯುವ ಗಿಬ್ಬಾ, ಹೀಗೆ ಐದು ಜಾತಿ ಕೊಡುತ್ತೇನೆ ಎಂದಿದ್ದಾರೆ. ಗಿಡ ಕೈಸೇರುವ ಮುಂಚೆಯೇ ಕುಂಡಗಳನ್ನು ಸಿದ್ಧ ಮಾಡಿಕೊಳ್ಳಬೇಕು ಅಂತಿದ್ದೇನೆ.

ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ತೂತೇ ಇಲ್ಲದ ಕಪ್ ಸಾಕು ಅಂತ ಕೆಲವರು, ತೂತಿಲ್ಲದಿದ್ದರೆ ಕೊಳೆತು ಹೋಗುತ್ತೆ ಅಂತ ಇನ್ನು ಕೆಲವರು. ನನ್ನ ಹತ್ತಿರ ಸಣ್ಣ ಮಣ್ಣಿನ ಕುಂಡಗಳು ಬೇಕಾದಷ್ಟಿವೆ, ನೋಡೋಕೂ ಚೆನ್ನಾಗಿವೆ. ಅವನ್ನು ಬಳಸಬಹುದಾ? ಆಳ ಎಷ್ಟಿರಬೇಕು? ಐದಕ್ಕೂ ಒಂದೇ ಥರದ ಕುಂಡ ಆಗುತ್ತಾ, ಇಲ್ಲ ಬೇರೆ ಬೇರೆ ಬೇಕಾ? ತಿಳಿದವರು ದಯವಿಟ್ಟು ಕಾರಣ ಸಮೇತ ಹೇಳಿ.

ಪಾಚಿಹಸಿರು

ಮಣ್ಣಿನ ಕುಂಡ ಬೇಡ. ಉಳಿದದ್ದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಹೇಳ್ತಾರೆ.

ಜೌಗುನೆಲ

ಹನಿನೀರು ಅವರೇ, ಕಾರಣ ಸಮೇತ ಕೇಳಿದ್ದು ಒಳ್ಳೆಯದಾಯಿತು. ಕಾರಣ ಗೊತ್ತಾದರೆ ಕುಂಡವನ್ನು ನೀವೇ ಆರಿಸಿಕೊಳ್ಳುತ್ತೀರಿ.

ಮೊದಲನೆಯ ವಿಷಯ: ಈ ಗಿಡಗಳಿಗೆ ಬೇರು ಅನ್ನುವುದೇ ಇಲ್ಲ. ಫ್ಲೈಟ್ರ್ಯಾಪ್‌ಗೆ ಕುಂಡ ಹುಡುಕುವಾಗ ಬೇರು ಎಷ್ಟು ಆಳ ಇಳಿಯುತ್ತದೆ ಅಂತ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿರುವುದು ಸ್ಟೋಲನ್, ಅಂದರೆ ನೂಲಿನಷ್ಟು ತೆಳ್ಳಗಿನ ಹಂಬು. ಎಲೆ, ಹೂದಂಟು, ಬೇಟೆ ಹಿಡಿಯುವ ಗುಳ್ಳೆ ಎಲ್ಲವೂ ಹುಟ್ಟುವುದು ಅದರಿಂದಲೇ. ಮೇಲೆ ನಮಗೆ ಕಾಣುವ ಪುಟ್ಟ ಎಲೆಗಳಿಗಿಂತ ಕೆಳಗೆ ಹರಡಿಕೊಂಡಿರುವ ಗಿಡವೇ ದೊಡ್ಡದು.

ಎರಡನೆಯದು ಆ ಗುಳ್ಳೆಯ ಕೆಲಸ. ಗುಳ್ಳೆ ತನ್ನ ಒಳಗಿನ ನೀರನ್ನು ಹೊರಕ್ಕೆ ಪಂಪ್ ಮಾಡುತ್ತಲೇ ಇರುತ್ತದೆ, ಹಾಗಾಗಿ ಒಳಗೆ ಒತ್ತಡ ಕಡಿಮೆಯಾಗಿ ಅದರ ಗೋಡೆಗಳು ಒಳಕ್ಕೆ ಬಾಗಿರುತ್ತವೆ. ಬಾಗಿಲ ಬಳಿಯ ಕೂದಲಿಗೆ ಯಾವುದೋ ಸಣ್ಣ ಜೀವಿ ತಾಕಿತೋ, ಬಾಗಿಲು ತೆರೆದು ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಸಮಯದಲ್ಲಿ ಇದು ಮುಗಿಯುತ್ತದೆ. ಸುತ್ತ ನೀರಿದ್ದರೆ ಮಾತ್ರ ಈ ಯಂತ್ರ ನಡೆಯುತ್ತದೆ. ನೆಲದ ಮೇಲೆ ಬೆಳೆಯುವ ಜಾತಿಗಳಲ್ಲೂ ಅಷ್ಟೇ, ಮಣ್ಣಿನ ಕಣಗಳ ನಡುವೆ ನೀರು ತುಂಬಿರಬೇಕು.

ಹಾಗಾಗಿ ಕುಂಡ ಕೊಳ್ಳುವಾಗ ನಾನು ನೋಡುವುದು ಒಂದೇ: ಇದರೊಳಗೆ ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೆ, ನಿಂತ ಮಟ್ಟ ಎಷ್ಟು ದಿನ ಅಲ್ಲಾಡದೆ ಇರುತ್ತದೆ. ಅಗಲ, ಆಳ, ತೂತು, ಬಣ್ಣ, ಯಾವುದರಿಂದ ಮಾಡಿದ್ದು ಅನ್ನುವುದೆಲ್ಲ ಈ ಪ್ರಶ್ನೆಗೆ ಸಿಗುವ ಬೇರೆ ಬೇರೆ ಉತ್ತರಗಳು. ಯುಟ್ರಿಕ್ಯುಲೇರಿಯಾದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ಒದ್ದೆ ಮರಳಿನಲ್ಲಿ, ಕೆಲವು ನೀರು ಒಸರುವ ಬಂಡೆಯ ಮೇಲೆ, ಕೆಲವು ಮರದ ಪಾಚಿಯಲ್ಲಿ, ಕೆಲವು ಕೆರೆಯಲ್ಲಿ ಬೆಳೆಯುತ್ತವೆ. ಪ್ರತಿಯೊಂದಕ್ಕೂ ನೀರಿನ ಮಟ್ಟ ಬೇರೆ. ನಿಮ್ಮ ಐದಕ್ಕೂ ಒಂದೇ ಕುಂಡ ಆಗದು.

ಹನಿನೀರು

ಜೌಗುನೆಲ ಸರ್, ತುಂಬಾ ಥ್ಯಾಂಕ್ಸ್. ಬೇರು ಇಲ್ಲ ಅಂತ ಓದಿದ್ದೆ, ಆದರೆ ಅದಕ್ಕೂ ಕುಂಡಕ್ಕೂ ನಂಟು ಹಾಕಿ ಯೋಚಿಸಿರಲಿಲ್ಲ. ಹಾಗಾದರೆ ಆಳವಾದ ಕುಂಡಕ್ಕಿಂತ ತಗ್ಗಾದದ್ದೇ ಒಳ್ಳೆಯದಾ? ಆಳ ಇದ್ದರೆ ನೀರು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತೆ ಅಲ್ವಾ?

ಜೌಗುನೆಲ

ನೀರಿನ ಒಟ್ಟು ಪ್ರಮಾಣ ಜಾಸ್ತಿ, ನಿಜ. ಆದರೆ ಮೇಲ್ಮೈ ಒಣಗಿರುತ್ತದೆ. ತಳದಲ್ಲಿ ತೂತಿರುವ ಯಾವ ಕುಂಡಕ್ಕೇ ನೀರು ಹಾಕಿ ಬಸಿಯಲು ಬಿಡಿ, ಎಲ್ಲ ನೀರೂ ಇಳಿದುಹೋಗುವುದಿಲ್ಲ. ತಳದಲ್ಲಿ ಒಂದಷ್ಟು ಎತ್ತರದವರೆಗೆ ಕುಂಡಕ್ಕೆ ತುಂಬಿದ ಮಿಶ್ರಣ ನೀರಿನಿಂದ ತುಂಬಿಕೊಂಡೇ ಇರುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಮಿಶ್ರಣದ ನಯ. ಕುಂಡದ ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಬರೀ ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳ ಪುಡಿ) ಆದರೆ ಪದರ ಎತ್ತರ, ದಪ್ಪ ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಹೆಚ್ಚಿದ್ದರೆ ಗಿಡ್ಡ.

ಪಾತ್ರೆ ತೊಳೆಯುವ ಸ್ಪಂಜಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪೂರ್ತಿ ನೆನೆಸಿ ಅಂಗೈ ಮೇಲೆ ಚಪ್ಪಟೆಯಾಗಿ ಇಟ್ಟುಕೊಳ್ಳಿ, ಹನಿಯುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಬದಲಾಯಿತು ಅಷ್ಟೇ.

ಈಗ ಒಂದೇ ಮಿಶ್ರಣವನ್ನು 6 ಸೆಂ.ಮೀ. ಕುಂಡಕ್ಕೂ 15 ಸೆಂ.ಮೀ. ಕುಂಡಕ್ಕೂ ತುಂಬಿ. ಗಿಡ್ಡ ಕುಂಡದಲ್ಲಿ ನೀರು ತುಂಬಿದ ಪದರ ಮೇಲ್ಮೈಗೆ ಹತ್ತಿರ ಬಂದಿರುತ್ತದೆ. ಎತ್ತರದ ಕುಂಡದಲ್ಲಿ ಮೇಲ್ಭಾಗ ಬರೀ ತೇವ. ಸ್ಯಾಂಡರ್ಸೋನಿಯೈ, ಲಿವಿಡಾದಂಥವು ಹೆಚ್ಚಾಗಿ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಇರುತ್ತವೆ, ಅವಕ್ಕೆ ಗಿಡ್ಡದ್ದೇ ಅನುಕೂಲ. ಸ್ಯಾಂಡರ್ಸೋನಿಯೈಯ ತವರು ದಕ್ಷಿಣ ಆಫ್ರಿಕಾದಲ್ಲಿ ನೀರು ಇಳಿಯುವ ಬಂಡೆಗಳ ಮೈ. ಅಲ್ಲಿ ಅದಕ್ಕೆ ಸಿಗುವ ಮಣ್ಣು ತೀರಾ ತೆಳು.

ಇನ್ನೊಂದು. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಹಾಗೆ ಆಗುವುದಿಲ್ಲ. ನೀರು ನಿಲ್ಲುವ ಪದರ ಜಲ್ಲಿಯ ಮೇಲಕ್ಕೆ ಏರುತ್ತದೆ, ಮಿಶ್ರಣಕ್ಕೆ ಇದ್ದ ಜಾಗ ಕಡಿಮೆಯಾಗುತ್ತದೆ. ಜಲ್ಲಿ ಸುಣ್ಣದ ಕಲ್ಲಿನದಾದರೆ ಅದು ಇನ್ನೊಂದು ಕೇಡು.

ತೇವಗಂಪು

ನಾನು ತೂತಿಲ್ಲದ ಕಪ್‌ಗಳ ಪರ. ಸಣ್ಣ ಜಾತಿಗಳಿಗೆ ಇದರಷ್ಟು ಸುಲಭದ ವ್ಯವಸ್ಥೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ಟೋಲನ್‌ಗೆ ತಳದ ತೂತು ಅಂದರೆ ತೆರೆದ ಬಾಗಿಲು. ಕುಂಡದ ಕೆಳಗಿಡುವ ಟ್ರೇನಲ್ಲಿ ನೀರು ನಿಂತಿದ್ದರಂತೂ ತೂತಿನಿಂದ ಹೊರಬಂದು, ಟ್ರೇ ತುಂಬಾ ಹರಡಿ, ಪಕ್ಕದ ಕುಂಡದ ತೂತಿನಿಂದ ಒಳಗೆ ಹೋಗುತ್ತದೆ. ಕೆಲವು ತಿಂಗಳಾದ ಮೇಲೆ ನಿಮ್ಮ ಡ್ರೊಸೆರಾ ಕುಂಡದಲ್ಲಿ ಲಿವಿಡಾ ಹೂ ಬಿಟ್ಟಿರುತ್ತದೆ. ತೂತಿನ ಮೇಲೆ ಸೊಳ್ಳೆಪರದೆ ಬಟ್ಟೆ ಇಟ್ಟರೆ ಸಾಕು ಅನ್ನುವವರಿದ್ದಾರೆ. ಆ ಕಣ್ಣಿನೊಳಗಿಂದಲೂ ಸ್ಟೋಲನ್ ಸಲೀಸಾಗಿ ನುಸುಳುತ್ತದೆ. ತೂತೇ ಇಲ್ಲದಿದ್ದರೆ ಈ ತಲೆನೋವು ಇಲ್ಲ. ನೀರು ಎಷ್ಟು ಹಾಕಿದ್ದೀರೋ ಅಷ್ಟು ಇರುತ್ತದೆ, ಟ್ರೇ ಒಣಗಿತಾ ಅಂತ ದಿನಾ ಬಗ್ಗಿ ನೋಡಬೇಕಿಲ್ಲ.

ಮೊಸರಿನ ಕಪ್ಪಿನಂಥ ಆಹಾರದ ಪ್ಲಾಸ್ಟಿಕ್ ಡಬ್ಬಿಗಳು ಚೆನ್ನಾಗಿ ನಡೆಯುತ್ತವೆ. 7ರಿಂದ 9 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಸೋಪು ಹಾಕಿ ತೊಳೆದು ಚೆನ್ನಾಗಿ ಜಾಲಿಸಿ, ಜಿಡ್ಡೂ ಇರಬಾರದು, ಸೋಪೂ ಉಳಿಯಬಾರದು. ತಳದಲ್ಲಿ ತ್ರಿಕೋನದ ಗುರುತಿನೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್, ಬಾಗುತ್ತದೆ, ಬೇಗ ಒಡೆಯುವುದಿಲ್ಲ. 6 ಅಂತಿದ್ದರೆ ಪಾಲಿಸ್ಟೈರೀನ್, ಬಿಸಿಲಿಗೆ ಗರಿಗರಿಯಾಗಿ ಎತ್ತುವಾಗ ಚಟ್ ಅಂತ ಸೀಳುತ್ತದೆ. ಬಿಸಿಲಲ್ಲಿ ಇಡುವುದಾದರೆ ಅದನ್ನು ಬಿಟ್ಟುಬಿಡಿ.

ಕೆಸರುಹಾದಿ

ತೇವಗಂಪು ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಸ್ಟೋಲನ್ ಓಡಿಹೋಗುವ ವಿಚಾರ ಪೂರ್ತಿ ನಿಜ. ಆದರೆ ತೂತಿಲ್ಲದ ಕುಂಡದಲ್ಲಿ ಒಳಗೆ ಹೋದದ್ದು ಯಾವುದೂ ಹೊರಗೆ ಬರುವುದಿಲ್ಲ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಒಳಗೇ ಉಳಿಯುತ್ತದೆ. ಮತ್ತೆ ನೀರು, ಮತ್ತೆ ಲವಣ, ಈ ಗಿಡಗಳಿಗೆ ಅದು ಆಗಿಬರುವುದಿಲ್ಲ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರನ್ನೇ ಹಾಕುವವರಿಗೆ ಇದು ದೊಡ್ಡ ಸಮಸ್ಯೆಯಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 40–50 ಪಿಪಿಎಂ ತೋರಿಸುವ ನೀರು ಹಾಕುವವರು ತೂತಿರುವ ಕುಂಡ ಇಟ್ಟುಕೊಂಡು, ಆಗಾಗ ಮೇಲಿನಿಂದ ಧಾರಾಳವಾಗಿ ನೀರು ಸುರಿದು ತೊಳೆಯಲೇಬೇಕು. ತೂತಿಲ್ಲದ ಕಪ್ಪಿನಲ್ಲಿ ಅದು ಆಗದ ಕೆಲಸ.

ಎರಡನೆಯದು, ತೆರೆದ ಜಾಗದಲ್ಲಿ ಇಟ್ಟರೆ ಮಳೆ. ಒಂದು ಜೋರು ಮಳೆಗೆ ಕಪ್ ತುಂಬಿ, ಪೀಟ್ ತೇಲಿ, ಆಗಷ್ಟೇ ನೆಟ್ಟ ತುಣುಕು ಹೊರಗೆ ಹರಿದುಹೋಗುತ್ತದೆ. ಮೂರನೆಯದು ವಾಸನೆ. ಹಳೆಯ ಪೀಟ್ ತಳದಲ್ಲಿ ಗಾಳಿಯಿಲ್ಲದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರತೊಡಗುತ್ತದೆ. ಸಣ್ಣ ಜಾತಿಗಳು ಮೇಲ್ಪದರದಲ್ಲೇ ಇರುವುದರಿಂದ ಬಹಳ ಕಾಲ ತಡೆದುಕೊಳ್ಳುತ್ತವೆ, ಆದರೆ ದೊಡ್ಡ ಎಲೆಯ ಜಾತಿಗಳು ಸಪ್ಪಗಾಗುತ್ತವೆ.

ನಾನು ಮಾಡುವುದು ಹೀಗೆ: ತೂತನ್ನು ತಳದಲ್ಲಿ ಮಾಡದೆ ಪಕ್ಕದಲ್ಲಿ ಮಾಡುತ್ತೇನೆ. ಮಿಶ್ರಣದ ಮೇಲ್ಮೈ ಎಲ್ಲಿಗೆ ಬರುತ್ತದೋ ಅಲ್ಲಿಂದ ಸುಮಾರು 2 ಸೆಂ.ಮೀ. ಕೆಳಗೆ, ಕಾಯಿಸಿದ ಮೊಳೆಯಿಂದ ಒಂದೇ ಒಂದು ಸಣ್ಣ ತೂತು. ನೀರು ಅದಕ್ಕಿಂತ ಮೇಲೆ ನಿಲ್ಲುವುದಿಲ್ಲ, ಕೆಳಗಿನದ್ದು ಹಾಗೇ ಇರುತ್ತದೆ. ಮೇಲಿನಿಂದ ನೀರು ಸುರಿದರೆ ಒಂದಷ್ಟು ಲವಣವೂ ಹೊರಗೆ ಹೋಗುತ್ತದೆ. ಆ ತೂತಿನ ಹೊರಗಡೆ ಬರೀ ಗಾಳಿ ಇರುವುದರಿಂದ ಅಲ್ಲಿಂದ ತಲೆ ಹಾಕಿದ ಸ್ಟೋಲನ್ ಒಣಗುತ್ತದೆ. ಒಂದೇ ಷರತ್ತು, ಕಪ್ಪುಗಳನ್ನು ಒಂದಕ್ಕೊಂದು ತಾಗಿಸಿ ಇಡಬೇಡಿ.

ತೇವಗಂಪು

ಪಕ್ಕದ ತೂತಿನ ಉಪಾಯ ಒಪ್ಪಿದೆ. ನನ್ನ ಕಪ್ಪುಗಳೆಲ್ಲ ಸೂರಿನಡಿ ಇರುವುದರಿಂದ ಮಳೆಯ ಯೋಚನೆ ನನಗೆ ಬಂದಿರಲಿಲ್ಲ. ಹೊರಗಿಡುವವರು ಕೆಸರುಹಾದಿ ಅವರು ಹೇಳಿದಂತೆಯೇ ಮಾಡಲಿ.

ವಾಸನೆಯ ವಿಷಯಕ್ಕೆ ಒಂದು ಮಾತು. ಪೀಟ್ ಒಂದಕ್ಕೆ ದಪ್ಪ ಸಿಲಿಕಾ ಮರಳು ಒಂದು ಪಾಲು ಸೇರಿಸಿದರೆ ಬಹಳ ಕಡಿಮೆಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಾಯಿಸುವುದೂ ಒಳ್ಳೆಯದು. ಬದಲಾಯಿಸುವುದು ಅಂದರೆ ಕಷ್ಟದ ಕೆಲಸವೇನಲ್ಲ, ಚಮಚದಲ್ಲಿ 2–3 ಸೆಂ.ಮೀ. ಅಗಲದ ತುಂಡು ತೆಗೆದು ಹೊಸ ಕಪ್ಪಿನ ನಡುವೆ ಕೂರಿಸಿದರೆ ಸಾಕು, ತಾನೇ ಹರಡಿಕೊಳ್ಳುತ್ತದೆ. ಮರಳು ಸಿಲಿಕಾ ಹೌದೋ ಅಲ್ಲವೋ ಅನುಮಾನವಿದ್ದರೆ ಸ್ವಲ್ಪ ವಿನೆಗರ್ ಬಿಟ್ಟು ನೋಡಿ. ಬುಸಬುಸ ನೊರೆ ಬಂದರೆ ಸುಣ್ಣವಿದೆ ಅಂತ, ಬಳಸಬೇಡಿ.

ಸಂಜೆಮುಗಿಲು

ಮಣ್ಣಿನ ಕುಂಡ ಯಾಕೆ ಬೇಡ ಅಂತ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳ್ತೀನಿ.

ಸುಟ್ಟ ಮಣ್ಣು ನೀರು ಹೀರುತ್ತೆ. ಗೋಡೆ ತುಂಬಾ ಒದ್ದೆಯಾಗಿದ್ದು ಹೊರಮೈಯಿಂದ ಆವಿಯಾಗುತ್ತಲೇ ಇರುತ್ತೆ. ಹಾಗಾಗಿ ಟ್ರೇ ನೀರು ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಖಾಲಿ. ನೀರಿನಲ್ಲಿದ್ದ ಲವಣ ಗೋಡೆಯಲ್ಲೇ ಸೇರಿಕೊಳ್ಳುತ್ತೆ, ಹೊರಗೆ ಬಿಳಿ ಪುಡಿ ಕಾಣಿಸುತ್ತಲ್ಲ ಅದೇ. ಮಣ್ಣಿನಲ್ಲೇ ಇರುವ ಖನಿಜವೂ ನಿಧಾನಕ್ಕೆ ಒಳಗಿನ ಪೀಟ್‌ಗೆ ಇಳಿಯಬಹುದು. ಗೋಡೆಗೆ ಅಂಟಿಕೊಂಡು ಬೆಳೆಯೋ ಸ್ಟೋಲನ್‌ಗೆ ಎಲ್ಲಕ್ಕಿಂತ ಮೊದಲು ಏಟು ಬೀಳೋದು ಅಲ್ಲೇ. ಆವಿಯಾಗೋದರಿಂದ ಕುಂಡ ತಂಪಾಗಿರುತ್ತೆ ಅನ್ನೋ ಒಂದು ಲಾಭ ಇದೆ ನಿಜ. ಆದರೆ ಆ ತಂಪನ್ನು ಬೇರೆ ದಾರಿಯಲ್ಲೂ ಪಡೆಯಬಹುದು.

ಸಿಮೆಂಟ್ ಕುಂಡ ಇನ್ನೂ ಕೆಟ್ಟದ್ದು, ಸುಣ್ಣ ಬಿಟ್ಟು ನೀರಿನ ಆಮ್ಲೀಯತೆಯನ್ನೇ ಕೆಡಿಸುತ್ತೆ. ತಾಮ್ರ, ಹಿತ್ತಾಳೆ, ಸತು ಬಳಿದ ತಗಡಿನ ಡಬ್ಬಿ ಕೂಡ ಬೇಡ. ಆಮ್ಲೀಯ ಪೀಟ್ ಲೋಹವನ್ನು ಕರಗಿಸಿಕೊಳ್ಳುತ್ತೆ. ಒಳಗೂ ಹೊರಗೂ ಪೂರ್ತಿ ಗ್ಲೇಜ್ ಆಗಿರೋ ಪಿಂಗಾಣಿ ಕುಂಡ ಆಗಬಹುದು. ಗಾಜೂ ಆಗಬಹುದು, ಆದರೆ ಬಿಸಿಲಿಗೆ ಇಟ್ಟರೆ ಒಳಗೆ ಬೇಯುತ್ತೆ.

ಹನಿನೀರು ಅವರೇ, ನಿಮ್ಮ ಮಣ್ಣಿನ ಕುಂಡ ಅಷ್ಟು ಇಷ್ಟ ಇದ್ದರೆ ಅದನ್ನು ಹೊರಗವಚ ಮಾಡ್ಕೊಳ್ಳಿ. ಒಳಗೆ ಪ್ಲಾಸ್ಟಿಕ್ ಕಪ್ ಕೂರಿಸಿ. ಎರಡರ ನಡುವೆ ಗಾಳಿ ಇರೋದರಿಂದ ಬಿಸಿಯೂ ಅಷ್ಟು ತಟ್ಟಲ್ಲ.

ಹನಿನೀರು

ಸಂಜೆಮುಗಿಲು ಅವರೇ, ಇದು ಬಹಳ ಹಿಡಿಸಿತು. ಕುಂಡಗಳು ಮೂಲೆ ಸೇರುವುದು ತಪ್ಪಿತು.

ಇನ್ನೊಂದು ಅನುಮಾನ. ಪಾರದರ್ಶಕ ಕಪ್ಪಿನಲ್ಲಿ ಹಾಕಿದರೆ ಗುಳ್ಳೆಗಳು ಕಾಣುತ್ತವಂತೆ. ನನಗೆ ಈ ಗಿಡದ ಮೇಲೆ ಆಸೆ ಹುಟ್ಟಿದ್ದೇ ಆ ಗುಳ್ಳೆಗಳಿಂದ. ಹಾಗೆ ಮಾಡಿದರೆ ಗಿಡಕ್ಕೆ ತೊಂದರೆಯಾ?

ಪಾಚಿಹಸಿರು

ಇದಕ್ಕೆ ನಾನು ಉತ್ತರಿಸಬಲ್ಲೆ.

ಗಿಡಕ್ಕೆ ನೇರ ತೊಂದರೆ ಇಲ್ಲ, ತೊಂದರೆ ಪಾಚಿಯದ್ದು. ಒದ್ದೆ ಗೋಡೆಗೆ ಬೆಳಕು ಬಿದ್ದರೆ ಪಾಚಿ ಹಬ್ಬಿ ಗುಳ್ಳೆಗಳನ್ನು ಮುಚ್ಚಿಬಿಡುತ್ತದೆ. ನೋಡಲೆಂದು ಇಟ್ಟ ಕಪ್ಪಿನಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಪಾರದರ್ಶಕ ಕಪ್ಪನ್ನು ಅಷ್ಟೇ ಅಳತೆಯ ಬೆಳಕು ಹಾಯದ ಇನ್ನೊಂದು ಕಪ್ಪಿನೊಳಗೆ ಇಳಿಸಿಡಿ. ನೋಡಬೇಕೆನಿಸಿದಾಗ ಮೇಲೆತ್ತಿ ನೋಡಿ, ಮತ್ತೆ ಇಳಿಸಿ. ಸಂಜೆಮುಗಿಲು ಅವರು ಹೇಳಿದ ಮಣ್ಣಿನ ಕುಂಡದ ಕವಚವೂ ಇದೇ ಕೆಲಸ ಮಾಡುತ್ತದೆ.

ನೆಲದ ಜಾತಿಗಳಲ್ಲಿ ಗುಳ್ಳೆ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್, ಕೆಲವದರಲ್ಲಿ ಅದಕ್ಕಿಂತಲೂ ಸಣ್ಣದು. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ ಇಟ್ಟುಕೊಳ್ಳಿ. ಖಾಲಿ ಗುಳ್ಳೆ ತಿಳಿಯಾಗಿ, ಪಕ್ಕ ಬಾಗಿದಂತೆ ಕಾಣುತ್ತದೆ. ಒಳಗೆ ಬೇಟೆ ಇದ್ದರೆ ಕಪ್ಪು ಚುಕ್ಕೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಈ ಗಿಡಗಳ ಬಗ್ಗೆ ಬರೆದಾಗ, ಜೀವಿಗಳೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತವೆ ಎಂದುಕೊಂಡಿದ್ದರು. ಅದೇ ಕಾಲದಲ್ಲಿ ಅಮೆರಿಕದ ಮೇರಿ ಟ್ರೀಟ್ ಸೂಕ್ಷ್ಮದರ್ಶಕದಡಿ ಗಂಟೆಗಟ್ಟಲೆ ಗುಳ್ಳೆಗಳನ್ನು ನೋಡಿ, ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಗುಳ್ಳೆಯೇ ಎಂದು ಗುರುತಿಸಿದ್ದರು. ಕಪ್ಪಿನ ಗೋಡೆಗೆ ಕಣ್ಣು ಹಚ್ಚಿ ಕೂರುವಾಗಲೆಲ್ಲ ನನಗೆ ಆಕೆಯ ತಾಳ್ಮೆ ನೆನಪಾಗುತ್ತದೆ.

ಕೆಸರುಹಾದಿ

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಕಪ್ಪು ಕುಂಡ ಪಾಚಿಗೆ ಒಳ್ಳೆಯ ತಡೆ, ಆದರೆ ನೇರ ಬಿಸಿಲು ಬಿದ್ದರೆ ಸಣ್ಣ ಕುಂಡ ಪೂರ್ತಿ ಕಾಯುತ್ತದೆ. ಬೆಳಕು ಒಳಕ್ಕೆ ಹಾಯದಷ್ಟು ದಪ್ಪನೆಯ ಬಿಳಿ ಪ್ಲಾಸ್ಟಿಕ್ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ಸಿಗದಿದ್ದರೆ ಹೊರಮೈಗೆ ಬಿಳಿ ಟೇಪ್ ಸುತ್ತಿ. ಕುಂಡ ದೊಡ್ಡದಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ಬಿಸಿ ಏರುವುದು ನಿಧಾನ.

ತುಂತುರು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಎಲ್ಲ ಕುಂಡಗಳಲ್ಲೂ ನೂಲಿನಂಥ ದಂಟು, ಅದರ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಮೊಗ್ಗು, ಅದು ಅರಳುವುದೇ ಇಲ್ಲ, ಹಾಗೇ ಬೀಜವಾಗುತ್ತಿದೆ. ಇದೂ ಬ್ಲ್ಯಾಡರ್‌ವರ್ಟಾ? ನಾನು ನೆಟ್ಟಿದ್ದಲ್ಲ.

ಜೌಗುನೆಲ

ತುಂತುರು ಅವರೇ, ಹೌದು, ವರ್ಣನೆ ನೋಡಿದರೆ ಸುಬುಲಾಟಾ ಅನ್ನುವ ಬ್ಲ್ಯಾಡರ್‌ವರ್ಟ್ ಇರಬೇಕು. ಅರಳದ ಮೊಗ್ಗಿನೊಳಗೇ ಪರಾಗಸ್ಪರ್ಶ ಮುಗಿಸಿ ಬೀಜ ಉದುರಿಸುತ್ತದೆ. ಪೀಟ್ ಕುಂಡಗಳಲ್ಲಿ ತಾನಾಗಿ ಕಾಣಿಸಿಕೊಳ್ಳುವ ಕಳೆ ಇದು. ಇದಕ್ಕೆ ಕುಂಡದ ತೂತೇ ಬೇಕಿಲ್ಲ, ಬೀಜ ಹಾರಿ ಬೀಳುತ್ತದೆ. ಬಿಸ್ಕ್ವಾಮಾಟಾ ಕೂಡ ಬೀಜದಿಂದ ಹೀಗೇ ಹಬ್ಬುತ್ತದೆ, ಆದರೆ ಅದರ ಹೂ ಅರಳುತ್ತದೆ, ಚೆನ್ನಾಗಿಯೂ ಇರುತ್ತದೆ. ಡ್ರೊಸೆರಾ ಕುಂಡದಲ್ಲಿ ಬಂದರೆ ಗಿಡಕ್ಕೆ ಅಪಾಯವೇನಿಲ್ಲ. ಬೇಡವಾದರೆ ದಂಟು ಕಂಡ ಕೂಡಲೇ ಕಿತ್ತುಹಾಕಿ. ಹನಿನೀರು ಅವರು ಗೆಳೆಯರಿಂದ ತರುವ ತುಣುಕಿನ ಜೊತೆಗೂ ಇದು ಬರಬಹುದು. ಹೊಸದಾಗಿ ಬಂದ ಕುಂಡಗಳನ್ನು ಕೆಲವು ತಿಂಗಳು ಬೇರೆ ಟ್ರೇನಲ್ಲಿ, ಉಳಿದವುಗಳಿಂದ ದೂರ ಇಡುವುದು ಒಳ್ಳೆಯದು.

ಮರಪಾಚಿ

ಎಲ್ಲರೂ ಸಣ್ಣ ಜಾತಿಗಳಲ್ಲೇ ನಿಂತಿದ್ದೀರಿ. ಹನಿನೀರು ಅವರ ಪಟ್ಟಿಯಲ್ಲಿ ಆಲ್ಪಿನಾ ಇದೆ. ಅದನ್ನು ತೂತಿಲ್ಲದ ಕಪ್ಪಿಗೆ ಹಾಕಿದರೆ ಉಳಿಯುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಆಲ್ಪಿನಾ ಕೆರಿಬಿಯನ್ ದ್ವೀಪಗಳಲ್ಲೂ ದಕ್ಷಿಣ ಅಮೆರಿಕದ ಉತ್ತರದಲ್ಲೂ ಮೋಡ ಕವಿದ ಕಾಡಿನ ಮರಗಳ ಪಾಚಿಯಲ್ಲಿ ಬೆಳೆಯುವಂಥದ್ದು. ಬಿಳಿ ಹೂ, ಆರ್ಕಿಡ್ ಎಂದೇ ಭ್ರಮೆ ಹುಟ್ಟಿಸುವಷ್ಟು ದೊಡ್ಡದು. ಪಾಚಿಯೊಳಗೆ ಸಣ್ಣ ಸಣ್ಣ ಗೆಡ್ಡೆಗಳಿರುತ್ತವೆ, ಅವುಗಳಲ್ಲಿ ನೀರು ಸಂಗ್ರಹ. ಅಂದರೆ ಆಗಾಗ ಸ್ವಲ್ಪ ಒಣಗುವ ಜಾಗಕ್ಕೆ ಹೊಂದಿಕೊಂಡ ಗಿಡ. ಎಂಡ್ರೆಸಿಯೈ ಕೂಡ ಇದೇ ಬಳಗ. ಇವಕ್ಕೆ ತೇವ ಬೇಕು, ಗಾಳಿಯೂ ಬೇಕು. ನಿಂತ ನೀರಿನಲ್ಲಿ ಗೆಡ್ಡೆ ಕೊಳೆಯುತ್ತದೆ.

ಆರ್ಕಿಡ್‌ಗೆ ಬಳಸುವ ಜಾಲರಿ ಕುಂಡ, ಅಂದರೆ ನೆಟ್ ಪಾಟ್, ಇವಕ್ಕೆ ಹೇಳಿ ಮಾಡಿಸಿದ್ದು. 10ರಿಂದ 12 ಸೆಂ.ಮೀ. ಅಗಲದ್ದು ತೆಗೆದುಕೊಳ್ಳಿ. ಉದ್ದೆಳೆಯ ಸ್ಫ್ಯಾಗ್ನಮ್ ಪಾಚಿಯನ್ನು ಒತ್ತದೆ, ಸಡಿಲವಾಗಿ ತುಂಬಿ. ಬೇಕಿದ್ದರೆ ಪರ್ಲೈಟ್ ಅಥವಾ ಆರ್ಕಿಡ್ ತೊಗಟೆ ಒಂದು ಪಾಲು ಸೇರಿಸಿ. ಟ್ರೇನಲ್ಲಿ ನೀರು ನಿಲ್ಲಿಸಬೇಡಿ, ಮೇಲಿನಿಂದ ಹಾಕಿ, ಬಸಿದು ಹೋಗಲಿ. ಕೆಲವು ತಿಂಗಳಲ್ಲಿ ಜಾಲರಿಯ ಕಿಂಡಿಗಳಿಂದ ಎಲೆಗಳು ಪಕ್ಕಕ್ಕೂ ಕೆಳಕ್ಕೂ ಬರತೊಡಗುತ್ತವೆ. ಆಗ ಅದನ್ನು ಬಿಡಿಸಲು ಹೋಗಬೇಡಿ. ಹಾಗೇ ಎತ್ತಿ ಒಂದು ಅಳತೆ ದೊಡ್ಡ ಜಾಲರಿ ಕುಂಡದೊಳಗೆ ಇಟ್ಟು ನಡುವೆ ಪಾಚಿ ತುಂಬಿ. ಗೆಡ್ಡೆಗೂ ಪೆಟ್ಟಿಲ್ಲ, ಸ್ಟೋಲನ್‌ಗೂ ಪೆಟ್ಟಿಲ್ಲ.

ಇದೇ ಮಾತನ್ನು ಮರದ ಮೇಲಿನ ಜಾತಿಗಳಿಗೆಲ್ಲ ಅನ್ವಯಿಸಬೇಡಿ. ನೆಲುಂಬಿಫೋಲಿಯಾ ಮತ್ತು ಹಂಬೋಲ್ಟಿಯೈ ಬ್ರೊಮೀಲಿಯಾಡ್ (ಅನಾನಸ್ ಕುಟುಂಬದ) ಗಿಡಗಳ ಎಲೆಗಳ ನಡುವೆ ನಿಲ್ಲುವ ನೀರಿನಲ್ಲಿ ಬೆಳೆಯುವಂಥವು. ಅವು ಒಂದು ಬ್ರೊಮೀಲಿಯಾಡ್‌ನಿಂದ ಇನ್ನೊಂದಕ್ಕೆ ಗಾಳಿಯಲ್ಲೇ ಸ್ಟೋಲನ್ ಚಾಚಿ ದಾಟುತ್ತವೆ. ಅವಕ್ಕೆ ಎತ್ತರದ ಜಾಲರಿ ಕುಂಡವನ್ನು ನೀರು ತುಂಬಿದ ಬಕೆಟ್ಟಿನೊಳಗೆ, ಅರ್ಧಕ್ಕಿಂತ ಹೆಚ್ಚು ಮುಳುಗುವಂತೆ ಇಡುತ್ತಾರೆ. ಹಂಬೋಲ್ಟಿಯೈ ಗುಳ್ಳೆಗಳು ಒಂದು ಸೆಂಟಿಮೀಟರ್ ಮುಟ್ಟುತ್ತವೆ, ಕುಲದಲ್ಲೇ ದೊಡ್ಡವು. ಬಕೆಟ್ಟಿನ ನೀರಿನಲ್ಲಿ ಕೈಮಸೂರವಿಲ್ಲದೆಯೇ ಕಾಣುತ್ತವೆ.

ಹನಿನೀರು

ಮರಪಾಚಿ ಅವರೇ, ಸರಿಯಾದ ಹೊತ್ತಿಗೆ ಹೇಳಿದಿರಿ. ಹಾಗಾದರೆ ಲಾಂಗಿಫೋಲಿಯಾ? ಅದಕ್ಕೂ ಜಾಲರಿಯಾ?

ಮರಪಾಚಿ

ಬೇಕಿಲ್ಲ. ಲಾಂಗಿಫೋಲಿಯಾ ಬ್ರೆಜಿಲ್‌ನ ಒದ್ದೆ ಬಂಡೆಗಳದ್ದು, ತೇವದ ವಿಷಯದಲ್ಲಿ ಹಠಮಾರಿಯಲ್ಲ. ಅದರ ಎಲೆ ಪಟ್ಟಿಯಂತೆ ಉದ್ದ, ಗುಂಪು ಬೇಗ ದೊಡ್ಡದಾಗುತ್ತದೆ. 7 ಸೆಂ.ಮೀ. ಕಪ್ಪಿನಲ್ಲಿ ಶುರುಮಾಡಿದರೆ ವರ್ಷದೊಳಗೆ ಇಕ್ಕಟ್ಟಾಗುತ್ತದೆ. 15 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ತಳ ತೂತಿನ ಪ್ಲಾಸ್ಟಿಕ್ ಕುಂಡಕ್ಕೆ ಪೀಟ್, ಪರ್ಲೈಟ್, ಸ್ವಲ್ಪ ಸ್ಫ್ಯಾಗ್ನಮ್ ಹಾಕಿ, ಟ್ರೇನಲ್ಲಿ 2 ಸೆಂ.ಮೀ. ನೀರು ಇಡಿ. ಆ ಟ್ರೇ ಅದೊಂದಕ್ಕೇ ಇರಲಿ. ರೆನಿಫಾರ್ಮಿಸ್ ಅನ್ನುವ ಇನ್ನೊಂದು ದೊಡ್ಡ ಜಾತಿಗೂ ಹೀಗೇ, ಅದಕ್ಕೆ 20 ಸೆಂ.ಮೀ.ಗಿಂತ ಅಗಲವಿರಲಿ.

ಈ ದೊಡ್ಡ ಜಾತಿಗಳ ಸ್ಟೋಲನ್ ಗೋಡೆಗೆ ಮುಟ್ಟಿ ಸುತ್ತಿಕೊಂಡ ಮೇಲೆ ಹೂ ಚೆನ್ನಾಗಿ ಬರುತ್ತದೆ ಎನ್ನುವ ಬೆಳೆಗಾರರು ಬಹಳ. ನಾನು ಕಂಡದ್ದೂ ಅದೇ. ಅದಕ್ಕೇ ಒಂದೇ ಸಲಕ್ಕೆ ಭಾರೀ ಕುಂಡಕ್ಕೆ ಹಾಕದೆ ಒಂದೊಂದೇ ಅಳತೆ ಏರಿಸಿಕೊಂಡು ಹೋಗುವುದು ನನಗಿಷ್ಟ.

ಕೆಸರುಹಾದಿ

ಇಲ್ಲಿ ನಾನು ಸ್ವಲ್ಪ ಬೇರೆ. ರೆನಿಫಾರ್ಮಿಸ್‌ಗೆ ಮೊದಲೇ ದೊಡ್ಡ ಕುಂಡ ಕೊಟ್ಟರೂ ಹೂ ಬರುತ್ತದೆ, ಅದು ಗೋಡೆ ಮುಟ್ಟುವ ತನಕ ಕಾಯಬೇಕಷ್ಟೇ. ಪದೇ ಪದೇ ಕುಂಡ ಬದಲಿಸಿ ಅದನ್ನು ಕದಲಿಸುವುದಕ್ಕಿಂತ ಕಾಯುವುದೇ ಮೇಲು ಅನಿಸುತ್ತದೆ ನನಗೆ. ಜಾಗ ಕಡಿಮೆ ಇರುವವರು ಮರಪಾಚಿ ಅವರ ದಾರಿ ಹಿಡಿಯಲಿ.

ತೇಲುಎಲೆ

ಗಿಬ್ಬಾ ಬಗ್ಗೆ ನಾನು. ನೀರಿನ ಜಾತಿಗಳೆಂದರೆ ನನಗೆ ಪ್ರಾಣ.

ಇದಕ್ಕೆ ಕುಂಡ ಅನ್ನುವುದಕ್ಕಿಂತ ತೊಟ್ಟಿ ಅನ್ನಬೇಕು. ಆಳಕ್ಕಿಂತ ಅಗಲ ಮುಖ್ಯ. ಆಸ್ಟ್ರಾಲಿಸ್, ವಲ್ಗಾರಿಸ್‌ನಂಥ ದೊಡ್ಡವಕ್ಕೆ 20–30 ಸೆಂ.ಮೀ. ನೀರು ಬೇಕು, ಗಿಬ್ಬಾಗೆ ಅದರ ಅರ್ಧವೂ ಬೇಡ. ಅಗಲವಾದ, ಬೆಳಕು ಹಾಯದ ಪ್ಲಾಸ್ಟಿಕ್ ತೊಟ್ಟಿ ತೆಗೆದುಕೊಂಡು ತಳಕ್ಕೆ 2–3 ಸೆಂ.ಮೀ. ಪೀಟ್ ಹಾಸಿ. ಒಂದು ಬದಿಗೆ ಪೀಟನ್ನು ಇಳಿಜಾರಾಗಿ ಏರಿಸಿ, ಅಂಚು ನೀರಿನಿಂದ ಸ್ವಲ್ಪವೇ ಮೇಲೆ ಬರುವಂತೆ ಮಾಡಿ. ಗಿಬ್ಬಾ ನಡುವೆ ತೇಲುತ್ತದೆ, ಹಳದಿ ಹೂ ಬಿಡುವುದು ಮಾತ್ರ ಹೆಚ್ಚಾಗಿ ಆ ಕೆಸರಿನ ಅಂಚಿನಲ್ಲಿ, ನೀರು ತೆಳುವಾಗಿರುವ ಕಡೆ. ನೇರ ಗೋಡೆಯ ಬಕೆಟ್ಟಿನಲ್ಲಿ ಈ ಅಂಚು ಸಿಗುವುದಿಲ್ಲ.

ಒಣಗಿದ ಜೊಂಡಿನ ಎಲೆ ಒಂದು ಹಿಡಿ ನೀರಿಗೆ ಹಾಕಿ. ನೀರು ತಿಳಿಚಹಾದ ಬಣ್ಣಕ್ಕೆ ತಿರುಗುತ್ತದೆ, ಸ್ವಲ್ಪ ಆಮ್ಲೀಯವಾಗುತ್ತದೆ. ಎಲೆ ಕೊಳೆಯುವಾಗ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ನೀರೊಳಗಿನ ಗಿಡಕ್ಕೆ ಅದು ಬಹಳ ಬೇಕು. ಎಲೆಯ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳೇ ಗುಳ್ಳೆಗೆ ಊಟ. ನೂಲುಪಾಚಿ ಕಂಡರೆ ಕೈಯಿಂದ ತೆಗೆಯಿರಿ. ಪಾಚಿನಾಶಕ ಔಷಧಿಯ ಸಹವಾಸ ಬೇಡ.

ಗಿಬ್ಬಾದ ಚೂರೊಂದು ಸಿಕ್ಕರೂ ಸಾಕು, ಅದು ಹೊಸ ಗಿಡ. ತೊಟ್ಟಿ ತೊಳೆದ ನೀರನ್ನು, ಕಿತ್ತ ಗಿಡವನ್ನು ಕೆರೆಗೋ ಚರಂಡಿಗೋ ಸುರಿಯಬೇಡಿ. ನ್ಯೂಜಿಲೆಂಡ್‌ನಲ್ಲಿ ಗಿಬ್ಬಾ ಹೊರಗಿನಿಂದ ಬಂದು ಕೆರೆಗಳಲ್ಲಿ ಹಬ್ಬಿ, ಸ್ಥಳೀಯ ಜಾತಿಗೆ ಕಂಟಕವಾಗಿದೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಎಸೆಯಿರಿ.

ತುಂತುರು

ತೊಟ್ಟಿಯಲ್ಲಿ ಸೊಳ್ಳೆ ಆಗಲ್ವಾ?

ತೇಲುಎಲೆ

ಗಿಡ ದಟ್ಟವಾಗಿದ್ದರೆ ಸಣ್ಣ ಮರಿಹುಳುಗಳನ್ನು ಹಿಡಿಯುತ್ತದೆ. ಗಿಬ್ಬಾದ ಗುಳ್ಳೆ ಚಿಕ್ಕದು, ಬೆಳೆದ ಹುಳು ಅದಕ್ಕೆ ಸಿಗುವುದಿಲ್ಲ. ಅದನ್ನೇ ನಂಬಿಕೊಂಡು ಕೂರಬಾರದು, ತೊಟ್ಟಿಯ ಮೇಲೆ ಸೊಳ್ಳೆಪರದೆ ಬಿಗಿದು ಕಟ್ಟಿ. ಕುಂಡಗಳ ಕೆಳಗಿನ ಟ್ರೇಗಳಲ್ಲಿ ಗಿಡವೂ ಇರುವುದಿಲ್ಲ, ಸೊಳ್ಳೆ ಹೆಚ್ಚಾಗಿ ಆಗುವುದು ಅಲ್ಲಿ. ಟ್ರೇ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಹೊಸದು ಹಾಕಿ.

ಹನಿನೀರು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಕೊನೆಯದಾಗಿ ಒಂದು: ಸ್ಯಾಂಡರ್ಸೋನಿಯೈ, ಲಿವಿಡಾ ಎರಡನ್ನೂ ಒಂದೇ ಅಗಲ ಕುಂಡದಲ್ಲಿ ಅಕ್ಕಪಕ್ಕ ಹಾಕಬಹುದಾ? ಎರಡಕ್ಕೂ ಒಂದೇ ಮಟ್ಟದ ನೀರು ಬೇಕಲ್ಲ.

ಜೌಗುನೆಲ

ನೀರಿನ ಲೆಕ್ಕದಲ್ಲಿ ಹಾಕಬಹುದು. ಆದರೆ ಒಂದು ವರ್ಷದಲ್ಲಿ ಎರಡೂ ಹೆಣೆದುಕೊಂಡಿರುತ್ತವೆ, ಆಮೇಲೆ ಯಾರಿಗಾದರೂ ಶುದ್ಧವಾದ ತುಣುಕು ಕೊಡಲು ನಿಮ್ಮಿಂದ ಆಗದು. ನಡುವೆ ಪ್ಲಾಸ್ಟಿಕ್ ಹಾಳೆ ಅಡ್ಡ ಇಟ್ಟರೂ ಮೇಲಿನಿಂದ ದಾಟುತ್ತವೆ. ಬೇರೆ ಬೇರೆ ಕಪ್ಪೇ ಇರಲಿ, ಪಕ್ಕದ ತೂತಿನದ್ದು.

ಪ್ರತಿ ಕಪ್ಪಿಗೂ ಹೆಸರಿನ ಪಟ್ಟಿಯೊಂದನ್ನು ಪೆನ್ಸಿಲಿನಲ್ಲಿ ಬರೆದು ಚುಚ್ಚಿ, ಮಾರ್ಕರ್ ಶಾಯಿ ಬಿಸಿಲಿಗೆ ಮಾಸುತ್ತದೆ. ಹೂವಿಲ್ಲದ ಕಾಲದಲ್ಲಿ ಸಣ್ಣ ಜಾತಿಗಳ ಎಲೆ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ, ಹಾಗಾಗಿ ಕಪ್ಪಿನ ತಳಕ್ಕೂ ಒಮ್ಮೆ ಹೆಸರು ಗೀಚಿಡಿ.